ಇನ್ನಾಸಪ್ಪ ಎಬ್ಬಿಸಿದ ಗೋಪುರ

ಚರ್ಚಿನ ಗಂಟೆಯ ಹಗ್ಗಕ್ಕೆ ಚೌರಪ್ಪ ಕೈ ಹಾಕಿದ್ದೇ ತಡ, ಆರೋಗ್ಯಮ್ಮ ಗಂಡ ಇನ್ನಾಸಪ್ಪನ ಶವಪೆಟ್ಟಿಗೆಯ ಪಕ್ಕದಿಂದ ಓಡಿಬಂದು ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ ಕಣಪ್ಪ, ಎಳೀಬ್ಯಾಡ."

ಮೈದುನ ಬೆಪ್ಪಾದ. "ಅಣ್ಣನ ಹೆಣ ಬಾಗ್ಲಲ್ಲೈತೆ ಅತ್ಗೆ. ಗಂಟೆ ಇಲ್ದೆ ಹೆಂಗೆ ಒಳಿಕ್ಕೆ ತರಾದು?"

"ಒಳಿಕ್ಕೂ ಬ್ಯಾಡ. ಅಂಗಳದಾಗೇ ಪೂಜೆ ಆಗ್ಲಿ."

ಹೆಗಲು ಕೊಡಲು ಬಂದಿದ್ದ ಪಕ್ಕದ ಮನೆಯ ಕುರಿಗಾಹಿ ಕಾಟಪ್ಪನಿಗೂ ತಡೆಯಲಾಗಲಿಲ್ಲ. "ಈ ಗುಡಿಗೇ ಜೀವ ತೇದೋನು ಕಣಮ್ಮ. ಅವ್ನನ್ನೇ ಹೊರಗ್ ಮಡಗ್ತೀಯಾ?"

ಆಕೆ ತಲೆಯೆತ್ತಿ ಬಾಗಿಲ ಕಮಾನು ನೋಡಿದಳು.

*

ಐ.ಡಿ.ಹಳ್ಳಿ ಕಡೆಯ ಆ ಪುಟ್ಟ ದೇವಾಲಯ ಇನ್ನಾಸಪ್ಪನ ತಾತನ ಕಾಲದ್ದು. ಕಾಡುಗಲ್ಲು, ಕೆಸರುಮಣ್ಣಿನ ಗೋಡೆ, ನಾಡಹೆಂಚಿನ ಸೂರು. ಕಮಾನೊಂದು ಇಲ್ಲದಿದ್ದರೆ ಯಾರದೋ ಮನೆ ಎನ್ನಬೇಕು. ಗಾರೆ ಕೆಲಸದ ಇನ್ನಾಸಪ್ಪನಿಗೆ ಅದೇ ಕೊರಗು. "ಬಸ್ಸಲ್ಲಿ ಹೋಗೋರ್ಗೂ ಶಿಲುಬೆ ಕಾಣ್ಬೇಕು" ಎಂದು ಕಮಾನಿನ ನೆತ್ತಿಯ ಮೇಲೆ ಇಟ್ಟಿಗೆ ಸಿಮೆಂಟಿನ ಗೋಪುರ ಎಬ್ಬಿಸಿ ಗಂಟೆ ತೂಗುಹಾಕಿದ. ಊರೇ ಹೊಗಳಿತು.

ಆ ಮಳೆಗಾಲದಲ್ಲೇ ಕಮಾನಿನಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಯಾರೂ ಇಲ್ಲದಾಗ ಏಣಿ ಹಾಕಿ ಸುಣ್ಣ ತುಂಬುತ್ತಿದ್ದ. ತುಂಬಿದಲ್ಲಿ ಮುಚ್ಚಿ, ಪಕ್ಕದಲ್ಲಿ ಬಾಯಿಬಿಡುತ್ತಿತ್ತು. ಹಗ್ಗವನ್ನು ಬೇರೆಯವರ ಕೈಗೆ ಕೊಡದೆ ತಾನೇ ಮೆತ್ತಗೆ ಬಾರಿಸುತ್ತಿದ್ದ. ಜನ ಅದನ್ನು ಭಕ್ತಿ ಅಂದುಕೊಂಡರು.

"ಗೋಪುರ ಇಳಿಸ್ಬುಡಿ" ಎಂದು ಆರೋಗ್ಯಮ್ಮ ಅಂದಾಗಲೆಲ್ಲ "ಈ ಹಬ್ಬ ಕಳೀಲಿ ತಡಿ" ಎನ್ನುತ್ತಿದ್ದ. ಹಬ್ಬಗಳು ಕಳೆದವು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಆಕೆಯ ಕೈ ಎಳೆದುಕೊಂಡು ಪಿಸುಗುಟ್ಟಿದ:

"ಸುಣ್ಣದ ಹಿಂದ್ಲ ಬಿರುಕ್ನಾಗೆ ಈಗ ಅಂಗೈನೇ ಒಳಿಕ್ಕೋಯ್ತದೆ ಕಣೇ."

*

"ಗೋಡೆ ಸೀಳೈತೆ," ಎಂದಳು ಆರೋಗ್ಯಮ್ಮ, ಎಲ್ಲರಿಗೂ ಕೇಳುವಂತೆ. "ಗೋಪುರದ ಭಾರ ತಡೀತಿಲ್ಲ. ಅವ್ರಿಗೆ ಗೊತ್ತಿತ್ತು. ನಂಗೂ ಗೊತ್ತಿತ್ತು."

ಚೌರಪ್ಪನ ಕೈಯಿಂದ ಹಗ್ಗ ಜಾರಿತು. "ವಾರ ವಾರ ನಮ್ಮಕ್ಳು ಇದ್ರಡೀಲೇ ಕೂತಿದ್ರಲ್ಲ ಅತ್ಗೆ!"

ಆಕೆ ತೂಗಾಡುತ್ತಿದ್ದ ಹಗ್ಗವನ್ನು ಹಿಡಿದು ನಿಲ್ಲಿಸಿದಳು.

ಫಾದರ್ ಒಳಗಿದ್ದವರನ್ನು ಸದ್ದಿಲ್ಲದೆ ಹೊರಗೆ ಕಳಿಸಿ, ತಾವೇ ಬಾಗಿಲು ಎಳೆದುಕೊಂಡರು. ಅಂಗಳದ ಬಿಸಿಲಲ್ಲೇ ಪೂಜೆ ನಡೆಯಿತು. ತಾಯಂದಿರು ಮಕ್ಕಳನ್ನು ಗೋಡೆಯಿಂದ ದೂರ, ಸೆರಗಿನೊಳಗೆ ಹಿಡಿದು ನಿಂತರು. ಗಂಟೆ ಬಾರಿಸಲಿಲ್ಲ. ಸಮಾಧಿಯವರೆಗೂ ಆಕೆಯ ತೋಳಿಗೆ ಆಸರೆಯಾಗಿ ಯಾರೂ ಬರಲಿಲ್ಲ. ಚೌರಪ್ಪ ಒಂದು ಹಿಡಿ ಮಣ್ಣು ಹಾಕಿ, ಅಣ್ಣನ ಗುಂಡಿಯನ್ನು ತಿರುಗಿಯೂ ನೋಡದೆ ಹೊರಟ.

ಹಿಂತಿರುಗುವಾಗ ಸಂಜೆಯಾಗಿತ್ತು, ಹಕ್ಕಿಗಳು ಗೂಡು ಸೇರುವ ಹೊತ್ತು. ಆರೋಗ್ಯಮ್ಮ ಒಬ್ಬಳೇ ನಿಂತು ನೋಡಿದಳು. ಪಾರಿವಾಳಗಳು ಗೋಪುರದ ಸುತ್ತ ಸುತ್ತಿ ಸುತ್ತಿ, ಒಂದೂ ಅಲ್ಲಿ ಕೂರದೆ, ಎದುರಿನ ಕರೆಂಟು ತಂತಿಯ ಮೇಲೆ ಸಾಲಾಗಿ ಇಳಿದವು.