ಒರೆಸುವ ಬಟ್ಟೆ

"ಬಗ್ಗು. ಇನ್ನೂ ಬಗ್ಗು. ನಿನ್ ತಲೆ ಮೂಸೋಕೆ ನಾನೇನು ಏಣಿ ಹಾಕ್ಬೇಕಾ?"

ಸೀಲಿನಕ್ಕ ಬಗ್ಗಿದಳು. ಅಡುಗೆ ಎಣ್ಣೆಯನ್ನು ಪ್ಯಾಕೆಟ್ಟಿಗೆ ತುಂಬುವ ಆ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಪ್ಯಾಕೆಟ್ಟಿನ ಬಾಯಿಗೆ ಸೀಲು ಹಾಕುತ್ತಿದ್ದವಳಿಗೆ ಬಿದ್ದ ಹೆಸರು ಅದು. ಸೂಪರ್‌ವೈಸರು ತುದಿಗಾಲಲ್ಲಿ ನಿಂತು ಅವಳ ನೆತ್ತಿಗೆ ಮೂಗು ಹಿಡಿದ. ಕುಳ್ಳಗಿದ್ದ ಅವನನ್ನು ಹೆಂಗಸರು ಬೆನ್ನ ಹಿಂದೆ 'ಅರ್ಧ ಲೀಟರು' ಅನ್ನುತ್ತಿದ್ದರು. ಆದರೆ ಈಗ ಸಂಜೆ ಮನೆಗೆ ಹೊರಟು ನಿಂತ ಸಾಲಿನಲ್ಲಿ ಯಾರೂ ನಗಲಿಲ್ಲ. ಲಾರಿಗೆ ಮಾಲು ಏರಿಸುತ್ತಿದ್ದ ಗಂಡಸರು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು.

"ಘಮಘಮ ಅಂತಿದೆಯಲ್ಲೇ! ಯಾರಪ್ಪನ ಗಂಟು ಅಂತ ಹಚ್ಕೊಂಡೆ?"

"ಹಚ್ಕೊಂಡಿಲ್ಲ ಸಾರ್. ಬೆಳಗಿಂದ ಕೈಯೆಲ್ಲಾ ಎಣ್ಣೆ. ಕೂದ್ಲು ಸರಿ ಮಾಡ್ಕೊಂಡಾಗ ಅಂಟಿರ್ಬೇಕು."

"ಅಂಟಿರ್ಬೇಕಂತೆ! ಹಲ್ಕಾ ಮುಂಡೆ. ನಡಿ, ನಲ್ಲಿ ಹತ್ರ ಕೂತ್ಕೊಂಡು ತಿಕ್ಕು. ನನ್ ಕಣ್ಮುಂದೇನೇ ತಿಕ್ಬೇಕು."

ನೆಲ ತೊಳೆಯುವ ಸೋಪಿನ ಪುಡಿಯನ್ನು ಅವನೇ ಅವಳ ತಲೆಯ ಮೇಲೆ ಸುರಿದ. ಅವಳು ಕುಕ್ಕರಗಾಲಲ್ಲಿ ಕೂತು ತಿಕ್ಕಿದಳು. ಕಣ್ಣು ಉರಿಯಿತು. ಎದ್ದಾಗ ನೀರು ಕುತ್ತಿಗೆಯಿಂದ ಬೆನ್ನಿಗಿಳಿದು ಬಟ್ಟೆಯೆಲ್ಲ ಮೈಗಂಟಿತ್ತು. ಲಾರಿಯ ಹತ್ತಿರ ಯಾರೋ ಕೆಮ್ಮಿದರು.

ಈ ತಪಾಸಣೆ ಶುರುವಾಗಿ ನಾಲ್ಕು ತಿಂಗಳಾಗಿತ್ತು, ಅಷ್ಟೆ. ಅದಕ್ಕೆ ಮುಂಚೆ ಸಂಜೆ ಹೊರಡುವಾಗ ಕೈಗಂಟಿದ ಎಣ್ಣೆಯನ್ನು ಎಲ್ಲರೂ ತಲೆಗೇ ಒರೆಸಿಕೊಳ್ಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಮೂರು ಸಲ ಎಣ್ಣೆಯ ರೇಟು ಏರಿದ ಮೇಲೆ ಕೂದಲೂ ಲೆಕ್ಕಕ್ಕೆ ಬಂತು.

ಮನೆಯೆಂದರೆ ಒಂದೇ ಕೋಣೆ. ಗಂಡ ಹಣ್ಣು ತರಕಾರಿ ಮಂಡಿಯಲ್ಲಿ ಮೂಟೆ ಹೊರುವವನು. ಮೂಲೆಯ ಮಂಚದ ಮೇಲೆ ಅವನ ತಾಯಿ. ಮೊದಲು ಹಾಲು ನಿಂತಿತು. ಬೇಳೆ ವಾರಕ್ಕೊಮ್ಮೆಯಾಯಿತು. ಸಿಲಿಂಡರ್ ಮುಗಿದ ಮೇಲೆ ಮತ್ತೆ ತರಲಿಲ್ಲ; ಗಂಡ ಮಂಡಿಯಿಂದ ಹಣ್ಣಿನ ಮುರಿದ ಪೆಟ್ಟಿಗೆಗಳನ್ನು ಒಲೆಗೆಂದು ಹೊತ್ತು ತರುತ್ತಿದ್ದ. ಅತ್ತೆಯ ಮೊಣಕಾಲು ನೋವಿನ ಮಾತ್ರೆಯನ್ನು ಅವಳು ಈರುಳ್ಳಿ ಹೆಚ್ಚುವ ಚಾಕುವಿನಿಂದ ಎರಡು ಹೋಳು ಮಾಡುತ್ತಿದ್ದಳು. ಒಮ್ಮೊಮ್ಮೆ ಒಂದು ಹೋಳು ಚಿಮ್ಮಿ ಮಂಚದ ಕೆಳಗೆ ಹೋಗುತ್ತಿತ್ತು. ಆಗ ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಮುಖವಿಟ್ಟು ಹುಡುಕುತ್ತಿದ್ದರು.

ಎಣ್ಣೆ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಅವಳು ಅಂಗಡಿಗೆ ಹೋಗಿ ರೇಟು ಕೇಳಿ, ಸ್ವಲ್ಪ ಕಮ್ಮಿ ಮಾಡಿ ಎಂದಾಗ ಅಂಗಡಿಯವನು ಹಲ್ಲು ಕಿಸಿದ.

"ನೀವೇ ಸೀಲ್ ಹಾಕಿರೋ ಮಾಲಲ್ವಾ ಅಕ್ಕ? ಮನೆ ಮಾಲಿಗೇ ಚೌಕಾಸಿ ಮಾಡ್ತೀರಲ್ಲ!"

"ನನ್ನ ಸಂಬಳಾನೂ ಫ್ಯಾಕ್ಟರಿಯವ್ರು ಸೀಲ್ ಹಾಕಿ ಇಟ್ಟಿದಾರಪ್ಪ. ಮೂರು ವರ್ಷದಿಂದ ಬಿಚ್ಚಿ ಏರಿಸಿಲ್ಲ" ಎಂದು ಅವಳು ಬರಿಗೈಲಿ ಬಂದಳು.

ತಲೆ ತೊಳೆಸಿಕೊಂಡ ಮಾರನೆಯ ದಿನ ಅವಳ ಕಣ್ಣು ಒರೆಸುವ ಬಟ್ಟೆಗಳ ಮೇಲೆ ಬಿತ್ತು. ಸೋರುವ ಪ್ಯಾಕೆಟ್ಟುಗಳನ್ನು, ಮಿಷಿನ್ನಿನ ಹಲ್ಲುಗಳನ್ನು ಒರೆಸಲು ಕೊಡುತ್ತಿದ್ದ ಹತ್ತಿಬಟ್ಟೆಯ ಚೂರುಗಳು ಅವು. ನೆನೆದು ತೊಪ್ಪೆಯಾದ ಮೇಲೆ ಡ್ರಮ್ಮಿಗೆ ಎಸೆಯುತ್ತಿದ್ದರು. ವಾರಕ್ಕೊಮ್ಮೆ ಬಾಯ್ಲರಿನವರು ಸುಡಲು ಒಯ್ಯುತ್ತಿದ್ದರು. ಅವಳು ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅರ್ಧ ಲೀಟರು ನೆತ್ತಿ ಮೂಸಿದ, ಅಂಗೈ ನೋಡಿದ, ಬಿಟ್ಟ.

ಮನೆಯಲ್ಲಿ ಬಾಣಲೆಯ ಮೇಲೆ ಹಿಡಿದು ಹಿಂಡಿದಳು. ಮೂರು ಚಮಚದಷ್ಟು ಇಳಿಯಿತು. ಅದರಲ್ಲಿ ಕರಿ ಚುಕ್ಕಿಗಳಿದ್ದವು. ಬೇರೊಂದು ಬಟ್ಟೆಯಲ್ಲಿ ಸೋಸಿದರೂ ಕೆಲವು ಉಳಿದವು. ಕಾಯಿಸಿ, ಒಂದು ಈರುಳ್ಳಿ ಹೆಚ್ಚಿ ಹಾಕಿದಳು. ಚುರ್ ಎಂದಿತು. ಕಣ್ಣು ಕಾಣದ ಅತ್ತೆ ಮಂಚದ ಮೇಲೆ ಎದ್ದು ಕೂತಳು.

"ಒಗ್ಗರಣೆ ಏನೇ ಅದು?"

"ಹೂಂ ಅತ್ತೆ."

"ಸಂಬಳ ಜಾಸ್ತಿ ಮಾಡಿದ್ರಾ ಮಗಾ?"

ಗಂಡ ಒದ್ದೆಬಟ್ಟೆಯನ್ನು ನೋಡಿದ, ಅವಳ ಮುಖ ನೋಡಿದ. "ಮಿಷಿನ್ ಗ್ರೀಸಿನ ವಾಸ್ನೆ ಬರ್ತಿದೆಯಲ್ಲೇ" ಎಂದ.

"ಬಂದ್ರೆ ಬಿಡಿ."

ಅವನು ಬಿಡಲಿಲ್ಲ. ತಟ್ಟೆಯನ್ನು ಬೆರಳಿನಿಂದ ಸವರಿ ತಿಂದ. ಎರಡು ದಿನ ಮೂವರಿಗೂ ಹೊಟ್ಟೆ ನುಲಿಯಿತು. ಮೂರನೆಯ ದಿನ ಅವಳು ಇನ್ನೊಂದು ಬಟ್ಟೆ ತಂದಳು.

ಆ ತಿಂಗಳು ಕಾರ್ಖಾನೆಗೆ ಹೊಸ ಕವರು ಬಂತು. ಅದೇ ಅಗಲ, ಅದೇ ಉದ್ದ, ಅದೇ ರೇಟು. ಒಳಗೆ ಎಣ್ಣೆ ಮಾತ್ರ ಕಡಿಮೆ. ಎಷ್ಟಿದೆ ಎಂಬುದನ್ನು ಬಾಯಿಯ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಸೂಪರ್‌ವೈಸರು ಬಂದು ಅವಳ ಪಕ್ಕ ನಿಂತ.

"ಸೀಲು ಒಂದು ಬೆರಳು ಕೆಳಗೆ ಹಾಕು."

"ಅಕ್ಷರದ ಮೇಲೇ ಬೀಳತ್ತಲ್ಲ ಸಾರ್?"

"ಬೀಳ್ಲಿ."

ಮಿಷಿನ್ನಿನ ಬಿಸಿ ದವಡೆ ಕಚ್ಚಿದ ಕಡೆ ಅಕ್ಷರಗಳು ಸುಕ್ಕಾಗಿ ಕರಗಿದವು. ದಿನಕ್ಕೆ ಸಾವಿರಾರು ಪ್ಯಾಕೆಟ್ಟು ಅವಳ ಕೈಯಿಂದಲೇ ಹಾಗೆ ಹೋದವು. ಪಕ್ಕದಲ್ಲಿ ಪ್ಯಾಕೆಟ್ಟು ಎಣಿಸುತ್ತಿದ್ದ ಗಿಡ್ಡಿ ಬಾಯಿ ಬಿಡದೆ ಗೊಣಗಿದಳು: "ಅವ್ರು ಕದ್ರೆ ಹೊಸ ಕವರು, ನಾವು ಕದ್ರೆ ತಲೆ ಮೂಸೋದು. ಎಂಥಾ ನ್ಯಾಯ ಅಕ್ಕ ಇದು?"

"ಮೆತ್ತಗೆ ಮಾತಾಡೇ. ಗೋಡೇಗೂ ಸಂಬಳ ಕೊಡ್ತಾರೆ ಇಲ್ಲಿ."

ಹನ್ನೊಂದನೆಯ ಬಟ್ಟೆಗೆ ಸಿಕ್ಕಿಬಿದ್ದಳು. ಪ್ಲಾಸ್ಟಿಕ್ ಚೀಲ ತೂತಾಗಿತ್ತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಸೊಂಟದ ಬಳಿ ಅಂಗೈಯಗಲ ಎಣ್ಣೆ ಕಲೆ. ಸೂಪರ್‌ವೈಸರು ಎಲ್ಲರ ಮುಂದೆ ಕೈ ಹಾಕಿ ಚೀಲವನ್ನು ಎಳೆದ. ಟೀ ಕುಡಿಯುವ ಗಾಜಿನ ಲೋಟ ತರಿಸಿದ.

"ಹಿಂಡು."

ಹಿಂಡಿದಳು.

"ಕುಡಿ. ಮನೇಲಿ ತಿಂತೀಯಲ್ಲ ಬೇವರ್ಸಿ, ಇಲ್ಲೂ ಕುಡಿ. ಕುಡಿದ್ರೆ ಮಾಫಿ. ಇಲ್ದಿದ್ರೆ ಪೊಲೀಸು."

ಲೋಟದ ತಳದಲ್ಲಿ ಕರಿ ಚುಕ್ಕಿಗಳು ನಿಧಾನವಾಗಿ ಕೂರುತ್ತಿದ್ದವು. ಹೆಂಗಸರೆಲ್ಲ ತಮ್ಮ ತಮ್ಮ ಕಾಲ ಬೆರಳು ನೋಡುತ್ತ ನಿಂತಿದ್ದರು. ಅವಳು ಲೋಟವನ್ನು ತುಟಿಯವರೆಗೆ ಒಯ್ದಳು. ಕುಡಿಯದೆ ನೆಲಕ್ಕಿಟ್ಟು, ಲಾರಿಯ ಹತ್ತಿರ ಹೋಗಿ, ಪೆಟ್ಟಿಗೆಯಿಂದ ಒಂದು ಪ್ಯಾಕೆಟ್ಟು ಎತ್ತಿಕೊಂಡು ಬಂದು ಗೇಟಿನ ತಕ್ಕಡಿಯ ಮೇಲಿಟ್ಟಳು.

"ತೂಗಿ ಸಾರ್. ನಂದು ಮೂರು ಚಮಚ. ಇದ್ರಲ್ಲಿ ಎಷ್ಟು ಚಮಚ ಇಲ್ಲ, ಅದನ್ನೂ ಎಲ್ಲರ ಮುಂದೆ ಹೇಳಿ. ಆಮೇಲೆ ಇಬ್ರೂ ಕೂತು ಕುಡಿಯೋಣ."

ಲಾರಿಯ ಮೇಲಿದ್ದವನೊಬ್ಬ ನಕ್ಕುಬಿಟ್ಟ. ಅದೇ ಕೆಟ್ಟದ್ದಾಯಿತು. ಸೂಪರ್‌ವೈಸರನ ಕೈ ಅವಳ ಕೆನ್ನೆಗೆ ಬಿತ್ತು. ತಕ್ಕಡಿ ಮಗುಚಿತು, ಪ್ಯಾಕೆಟ್ಟು ಕೆಳಗೆ ಬಿದ್ದು ಒಡೆಯಿತು. ಎಣ್ಣೆ ಸಿಮೆಂಟಿನ ಮೇಲೆ ಹಳದಿಯಾಗಿ ಹರಡಿತು.

"ಏಯ್ ಗಿಡ್ಡಿ! ಒರೆಸೇ ಅದನ್ನ!"

ಗಿಡ್ಡಿ ಬಟ್ಟೆ ಹಿಡಿದು ಬಂದು ಮೊಣಕಾಲೂರಿ ಒರೆಸಿದಳು. ಸೀಲಿನಕ್ಕನ ಪಾದದ ಸುತ್ತ ಒರೆಸುವಾಗಲೂ ತಲೆಯೆತ್ತಲಿಲ್ಲ.

ಪೊಲೀಸರು ಬರಲಿಲ್ಲ. ಆ ವಾರದ ಕೂಲಿ ಹಿಡಿದುಕೊಂಡು ಹೊರಗೆ ನೂಕಿದರು.

ಎಲ್ಲ ಕೇಳಿಸಿಕೊಂಡು ಗಂಡ, "ಕುಡಿದುಬಿಡ್ಬೇಕಿತ್ತು ಕಣೇ. ಒಂದು ಗುಟುಕು ತಾನೇ" ಎಂದ. ಹೇಳಿದವನೇ ಗೋಡೆಗೆ ಮುಖ ತಿರುಗಿಸಿ ಮುಂಗೈ ಕಚ್ಚಿಕೊಂಡು ಅತ್ತ. ಮಂಡಿಯಲ್ಲೂ ಆ ವಾರ ಅವನಿಗೆ ಎರಡೇ ದಿನ ಕೆಲಸ ಸಿಕ್ಕಿತ್ತು. ಕೊಳ್ಳುವವರು ಕಡಿಮೆಯಾದಂತೆ ಮೂಟೆಗಳೂ ಕಡಿಮೆಯಾಗಿದ್ದವು.

"ಯಾಕೋ ಅಳ್ತಿದೀಯಾ?" ಎಂದಳು ಮುದುಕಿ.

"ಹೊಗೆ ಕಣಮ್ಮ."

ಒಲೆ ಹಚ್ಚಿಯೇ ಇರಲಿಲ್ಲ.

ಎರಡು ದಿನ ಅವಳು ಊರೆಲ್ಲ ತಿರುಗಿದಳು. ಮನೆಗೆಲಸದವಳನ್ನೇ ಬಿಡಿಸಿದ್ದೇವೆ ಅಂದವರು, ಇರುವವರಿಗೇ ಅರ್ಧ ದಿನ ಕೆಲಸ ಅಂದವರು, ಬಾಗಿಲನ್ನೇ ತೆರೆಯದವರು. ಮೂರನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಸೀಲು ಹಾಕಲು ಆಳು ಬೇಕೆಂಬ ಹಲಗೆ ಕಂಡಿತು. ಅದರ ಮುಂದೆ ಆಗಲೇ ಅರವತ್ತು, ಎಪ್ಪತ್ತು ಹೆಂಗಸರಿದ್ದರು. ತಲೆಗೆ ಬಟ್ಟೆ ಹೊದ್ದು ಮೂಗಿನವರೆಗೆ ಎಳೆದುಕೊಂಡು ಅವಳೂ ಕೊನೆಯಲ್ಲಿ ನಿಂತಳು. ಮುಂದಿದ್ದವಳ ಹೆಗಲ ಮೇಲೆ ಕೂಸೊಂದು ಬಾಯಿ ತೆರೆದು ನಿದ್ದೆ ಹೋಗಿತ್ತು.

ಸೂಪರ್‌ವೈಸರು ಸ್ಟೂಲು ಹತ್ತಿ ನಿಂತ. "ಒಬ್ಬಳೇ ಸಾಕು. ಯಾರು ಎಷ್ಟಕ್ಕೆ ಬರ್ತೀರಿ, ನೀವೇ ಹೇಳಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬಳು ಗಂಟಲು ಸರಿ ಮಾಡಿಕೊಂಡು, "ಕೊಡೋದಕ್ಕಿಂತ ದಿನಕ್ಕೆ ಹತ್ತು ರೂಪಾಯಿ ಕಮ್ಮಿ ಕೊಡಿ ಸಾರ್" ಎಂದಳು.

"ನಂಗೆ ಇಪ್ಪತ್ತು ಕಮ್ಮಿ."

"ಇಪ್ಪತ್ತೈದು!"

ಕೂಸಿನ ತಾಯಿ ಕೈಯೆತ್ತಿದಳು. "ಮೂವತ್ತು ಕಮ್ಮಿ ಸಾರ್. ಮಗೂನ ಮನೇಲೇ ಬಿಟ್ಟು ಬರ್ತೀನಿ."

ಅದಕ್ಕಿಂತ ಕೆಳಗೆ ಯಾರೂ ಇಳಿಯಲಿಲ್ಲ. ಸೂಪರ್‌ವೈಸರು ಆಕೆಯತ್ತ ಬೆರಳು ಚಾಚಿದ.

"ನಲವತ್ತು!" ಹಿಂದಿನಿಂದ ಸೀಲಿನಕ್ಕ ಕೂಗಿದಳು. "ನಲವತ್ತು ಕಮ್ಮಿ ಕೊಡಿ ಸಾರ್. ನಂಗೆ ಕೆಲಸ ಗೊತ್ತು."

ಕೂಸಿನ ತಾಯಿ ತಿರುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಥೂ, ನಿನ್ ಬಾಯಿಗೆ ಮಣ್ಣು ಹಾಕ" ಎಂದು ಅವಳ ಕಾಲ ಬುಡದಲ್ಲಿ ಉಗಿದು, ಮತ್ತೆ ಗೇಟಿನತ್ತ ತಿರುಗಿ ಕೈಯೆತ್ತಿದಳು.