ಎಡಗೈಗೆ ಬಂದ ಬಡಿಗಲ್ಲು

ಹುಲ್ಲು, ಹುಲ್ಲೇ ಇರಬೇಕು, ಹೀಗೆ ಒದ್ದೆಯಾದಂತೆ ಹೊಳೆಯುವುದು ಹುಲ್ಲು ಕೊಯ್ದ ಅಲಗೇ, ಸೂಕ್ಷ್ಮದರ್ಶಕದ ಕೆಳಗೆ ಕಲ್ಲುಚಕ್ಕೆಯ ಅಂಚು ಆಗತಾನೆ ಮಳೆ ನಿಂತ ಡಾಂಬರು ರಸ್ತೆಯ ಹಾಗೆ ಮಿನುಗುತ್ತಿದೆ, ಅವಳು ತಿರುಪು ತಿರುಗಿಸುತ್ತಾಳೆ, ಮಸುಕಾಗುತ್ತದೆ, ಇನ್ನಷ್ಟು ತಿರುಗಿಸುತ್ತಾಳೆ, ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದು — ಅವರಲ್ಲ, ಯಾರೋ ಕುರ್ಚಿ ಎಳೆದುಕೊಂಡು ಹೋದರು, ಅಷ್ಟಕ್ಕೇ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದಾಳೆ, ನಾಚಿಕೆಗೇಡು, ಈ ವಯಸ್ಸಿನಲ್ಲಿ, ಗಂಡ ಬರುತ್ತಾನೆಂದು ಹೀಗೆ ಕಾಯುವುದೇ. ಚರ್ಮ ಹೆರೆದ ಕಲ್ಲಾದರೆ ಬೇರೆ, ಅದರ ಅಂಚು ಜಿಡ್ಡುಜಿಡ್ಡಾಗಿ ಮಂಕಾಗಿರುತ್ತದೆ, ಸವೆದು ದುಂಡಗಾಗಿರುತ್ತದೆ, ಮೂಳೆ ಕೆತ್ತಿದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ, ಎಷ್ಟೋ ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ಒಂದು ಮಧ್ಯಾಹ್ನ ಏನು ಮಾಡುತ್ತಿದ್ದರೆಂದು ಅವಳು ಕಣ್ಣಿಟ್ಟು ಹೇಳಬಲ್ಲಳು, ಅದಕ್ಕೇ ಅವಳಿಗೆ ಸಂಬಳ, ಮನೆಯಲ್ಲಿ ಕಣ್ಣೆದುರು ಕೂತವನಿಗೆ ನೀರು ಬೇಕೋ ಕಿಟಕಿ ಮುಚ್ಚಬೇಕೋ ಹೇಳಲಾರಳು. ಹನ್ನೊಂದಕ್ಕೆ ಕರ್ಕೊಂಡ್ಬರ್ತೀನಿ ಅತ್ತಿಗೆ ಎಂದಿದ್ದ ಮೈದುನ, ಗಾಲಿಕುರ್ಚಿ ಕಾರಿನಲ್ಲಿ ಹಿಡಿಸಿದರೆ. ಹಿಡಿಸಿರುತ್ತದೆ. ಹಿಡಿಸದಿದ್ದರೆ ಫೋನ್ ಮಾಡುತ್ತಿದ್ದ.

ಈ ಚಕ್ಕೆಯನ್ನು ಒಡೆದವನು ಗಂಡನೇ, ಇದು ಶಿಲಾಯುಗದ ಹಳೆಯ ಕಲ್ಲಲ್ಲ, ಮಾದರಿ — ಹಳೆಯದರ ಗುರುತು ಓದಬೇಕಾದರೆ ಹೊಸದನ್ನು ಒಡೆದು, ಅದರಿಂದ ಕೆಲಸ ಮಾಡಿ, ಸವೆಸಿ ನೋಡಬೇಕು, ಆಗಲೇ ಇದು ಹುಲ್ಲಿನ ಹೊಳಪು, ಇದು ಚರ್ಮದ್ದು ಎಂದು ಗೊತ್ತಾಗುವುದು, ಒಡೆಯುವುದು ಅವನ ಕೆಲಸ, ಸವೆಸುವುದು ಅವಳದು, ಅವರ ಪ್ರೀತಿ ಶುರುವಾದದ್ದೂ ಹಾಗೆಯೇ, ಪ್ರಯೋಗಾಲಯದ ಹಿಂದಿನ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಕಸಾಯಿಖಾನೆಯಿಂದ ತಂದ ಮೇಕೆ ಚರ್ಮದ ನಾತದ ನಡುವೆ. ಮೊಣಕೈವರೆಗೆ ಕೊಬ್ಬು ಮೆತ್ತಿಕೊಂಡು ಅವಳು ಹೆರೆಯುತ್ತಿದ್ದಳು, ಅವನು ತೊಡೆಯ ಮೇಲೆ ದಪ್ಪ ತೊಗಲು ಹಾಸಿಕೊಂಡು ಎಡಗೈಯಲ್ಲಿ ಚಕ್ಕೆ ಎಬ್ಬಿಸುವ ಕಲ್ಲುಗಟ್ಟಿ, ಬಲಗೈಯಲ್ಲಿ ಹೊಡೆಯುವ ಬಡಿಗಲ್ಲು, ಟಣ್ ಟಣ್, ಎಲ್ಲರೂ ಅವನನ್ನು ಕಲ್ಲುಕುಟಿಗ ಎನ್ನುತ್ತಿದ್ದರು, ಮರಕುಟಿಗ ಹಕ್ಕಿಯ ಅಣ್ಣ, ಹೊಡೆಯುವ ಮುಂಚೆ ಕಲ್ಲನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದ, ಒಳಗೆ ಬಿರುಕಿದ್ದರೆ ಸ್ವರ ಒಡೆದಿರುತ್ತೆ ಡಾಕ್ಟ್ರಮ್ಮ, ಕೇಳಿ. ಅವಳಿಗಿನ್ನೂ ಡಾಕ್ಟರೇಟು ಬಂದಿರಲಿಲ್ಲ. ಅವನು ಮೊದಲ ದಿನದಿಂದಲೇ ಕೊಟ್ಟುಬಿಟ್ಟಿದ್ದ. ಮದುವೆಯ ಮಾತು ಬಂದಾಗ ಅವನ ತಾಯಿ ಅವಳನ್ನು ಅಡುಗೆಮನೆಗೆ ಕರೆದು, ಅಲ್ಲಮ್ಮ, ಜೈಲಿಗೆ ಹೋದೋರಿಗೆ ಕಲ್ಲು ಒಡೆಯೋ ಶಿಕ್ಷೆ ಕೊಡ್ತಾರೆ, ಇವನು ಇಷ್ಟು ಓದಿ ತಾನೇ ಹುಡುಕ್ಕೊಂಡು ಹೋದ, ನೀನು ಚೆನ್ನಾಗಿ ಯೋಚ್ನೆ ಮಾಡಿದೀಯ ತಾನೆ, ಎಂದಿದ್ದರು, ನಗಿಸಲಿಕ್ಕೇ ಹೇಳಿದ್ದು, ನಕ್ಕಿದ್ದಳು, ಅತ್ತೆ ಸೊಸೆ ಇಬ್ಬರೂ ಪಾತ್ರೆ ಹಿಡಿದುಕೊಂಡು ನಕ್ಕಿದ್ದರು — ಈಗ ಅದೇ ಅಡುಗೆಮನೆಯಲ್ಲಿ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅವನ ಊಟ ನುರಿಯುತ್ತಾರೆ.

ಅವತ್ತು ಅವನು ಗಡ್ಡ ಹೆರೆದುಕೊಳ್ಳುತ್ತಿದ್ದ, ಅರ್ಧ ಮುಖದಲ್ಲಿ ನೊರೆ ಇದ್ದ ಹಾಗೇ ಬಚ್ಚಲಿನಿಂದ ಹೊರಗೆ ಬಂದ, ಬಾಯಿ ಒಂದು ಕಡೆ ಇಳಿದಿತ್ತು, ಅವಳು ಚಪ್ಪಲಿ ಹುಡುಕುತ್ತಿದ್ದಳು, ತಲೆಯೆತ್ತದೆ ಏನು ಬೇಕು ಅಂದಳು, ಅವನು ಅದೇ ಅಂದ, ಯಾವುದು ಅಂದಳು, ಅದೇ ಅದೇ, ರೇಗಿತು ಅವಳಿಗೆ, ಬೆಳಗ್ಗೆ ಬೆಳಗ್ಗೆ ಒಗಟು ಹಾಕಬೇಡ ಮಹಾರಾಯ, ಅದೇ ಅಂದ್ರೆ ಯಾವುದು ಅಂತ ಹೇಳು, ಆಮೇಲೆ ಧೊಪ್ಪನೆ ಬಿದ್ದ. ಮೆದುಳಿನ ಎಡಭಾಗ ಅಂದರು ಆಸ್ಪತ್ರೆಯಲ್ಲಿ, ಎಡಕ್ಕೆ ಪೆಟ್ಟಾದರೆ ಬಲಗಡೆ ಮೈ ಹೋಗುತ್ತೆ, ಮಾತೂ ಅಲ್ಲೇ ಇರೋದು, ಒಂದೇ ಪದ ಉಳಿದಿದೆ ನೋಡಿ, ಕೆಲವರಿಗೆ ಹಾಗಾಗುತ್ತೆ. ಎಲ್ಲ ಬಿಟ್ಟು ಆ ಪದವೇ. ನೀರಿಗೂ ಅದೇ, ಹೊದಿಕೆಗೂ ಅದೇ, ಅಮ್ಮನಿಗೂ ಅವಳಿಗೂ ಅದೇ, ಬೈಗುಳವೂ ಅದೇ, ಒಂದೊಂದು ಸಲ ಎಷ್ಟು ಸ್ಪಷ್ಟವಾಗಿ, ಎಷ್ಟು ಭರವಸೆಯಿಂದ ಹೇಳುತ್ತಾನೆಂದರೆ ಈಗ ಇನ್ನೊಂದು ಪದ ಹಿಂದೆಯೇ ಬಂದೇಬಿಡುತ್ತದೆ ಅನ್ನಿಸಿ ಅವಳು ಚಮಚ ಹಿಡಿದ ಕೈ ಹಾಗೇ ತಡೆದು ಕಾಯುತ್ತಾಳೆ. ಬರುವುದಿಲ್ಲ. ಮೊದಲು ಆರು ತಿಂಗಳು ಕಾಯಿರಿ ಅಂದವರು ಆಮೇಲೆ ಇಷ್ಟೇ ಅಂದುಕೊಳ್ಳಿ ಅಂದರು, ಕೈ ಹಿಡಿದ ಹೆಣ್ಣನ್ನು ಕೂರಿಸಿಕೊಂಡು ಕೈ ಬರೋದಿಲ್ಲ ಅಂತ ಹೇಳಲು ಪಾಪ ಆ ಡಾಕ್ಟರಿಗೂ ಕಷ್ಟವಾಯಿತು, ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಮಾತು ಕಲಿಸಲು ಬರುವವಳು ಮಾತ್ರ ಕಳೆದ ವಾರ ಹೊರಡುವಾಗ ಬಾಗಿಲಲ್ಲಿ ನಿಂತು, ಹಳೇ ಕೆಲಸದ ಜಾಗಕ್ಕೊಂದು ಸಲ ಕರ್ಕೊಂಡು ಹೋಗಿ ನೋಡಿ ಮೇಡಂ, ನಾಲಿಗೆ ಮರೆತಿದ್ದು ಕೈಗೆ ನೆನಪಿರುತ್ತೆ ಕೆಲವು ಸಲ, ಅಂದಳು. ಕೆಲವು ಸಲ. ಆ ಎರಡು ಪದಗಳನ್ನು ಅವಳು ವಾರಪೂರ್ತಿ ನಾಲಿಗೆಯ ಕೆಳಗೆ ಇಟ್ಟುಕೊಂಡು ಓಡಾಡಿದಳು. ಬೇಡ ಕಣೇ ಅಂದಿದ್ದರು ಅತ್ತೆ. ನಾಲ್ಕು ಜನರ ಮುಂದೆ ಅವನಿಗೆ ಆಗ್ದೇ ಹೋದ್ರೆ. ಆದ್ರೆ? ಎಂದು ಕೇಳಿದ್ದಳು ಅವಳು, ಗಟ್ಟಿಯಾಗಿಯೇ, ಅತ್ತೆ ಬಟ್ಟಲು ತೊಳೆಯತೊಡಗಿದರು.

ಸದ್ದು, ಲಿಫ್ಟು, ಈ ಸಲ ಗಾಲಿಗಳ ಸದ್ದು, ಅವಳು ಎದ್ದ ರಭಸಕ್ಕೆ ಕಲ್ಲುಗಟ್ಟಿಗಳ ತಟ್ಟೆ ಅಲುಗುತ್ತದೆ, ಗುಹೆಯಲ್ಲಿ ಸಿಕ್ಕವು ಅವು, ಸಂಶೋಧನಾ ವಿದ್ಯಾರ್ಥಿನಿ ಬೆಳಗ್ಗೆ ತಂದಿಟ್ಟದ್ದು, ಕೆಟ್ಟದಾಗಿ ಹೊಡೆದ ಕಲ್ಲುಗಳು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದು ಜಜ್ಜಿದ ಅಂಚು, ಅರ್ಧಕ್ಕೇ ಮುರಿದು ನಿಂತ ಚಕ್ಕೆಗಳು, ಕಲಿಯುತ್ತಿದ್ದ ಮಕ್ಕಳ ಕೈ ಎಂದು ಅವಳೂ ಅವನೂ ಜೊತೆಯಾಗಿ ಬರೆದಿದ್ದ ಲೇಖನ ಈಗಲೂ ಎಲ್ಲರೂ ಓದುತ್ತಾರೆ. ಬಾಗಿಲಲ್ಲಿ ಅವನು. ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿದೆ, ಅತ್ತೆ ಬೇಡವೆಂದೇ ಎಷ್ಟು ಚೆನ್ನಾಗಿ ಬಾಚಿ ಕಳಿಸಿದ್ದಾರೆ, ಬಲಗೈ ಮಡಿಲಲ್ಲಿ ಅಂಗಾತ, ಮೈದುನ ಹಿಂದೆ ನಿಂತು ಬೆವರೊರೆಸಿಕೊಳ್ಳುತ್ತ, ಕುರ್ಚಿ ಹಿಡಿಸ್ತು ಅತ್ತಿಗೆ, ನಾನೇ ಹಿಡಿಸ್ಲಿಲ್ಲ, ಅರ್ಧ ದಾರಿ ಬಗ್ಗಿಕೊಂಡೇ ಓಡಿಸ್ದೆ. ಅವನು ನಗುತ್ತಾನೆ, ಬಾಯಿಯ ಎಡಗಡೆಯಿಂದ, ಕೋಣೆಯನ್ನು ನೋಡುತ್ತಾನೆ, ಕಪಾಟು, ದೀಪ, ತಟ್ಟೆಯ ಕಲ್ಲುಗಳು — ಅಲ್ಲಿ ಕಣ್ಣು ನಿಂತಿತು, ಹುಬ್ಬು ಗಂಟಾಯಿತು, ಗುರುತು ಸಿಕ್ಕಿದ ಹಾಗೆ, ಅದೇ, ಅಂದ. ಹೂಂ, ಅದೇ ಗುಹೆದು, ಅಂದಳು ಅವಳು, ಈ ಒಂದು ಸಲ ಪದ ಸರಿಯಾದ ಜಾಗಕ್ಕೆ ಬಿದ್ದಿತ್ತು, ವಿದ್ಯಾರ್ಥಿನಿ ಅಯ್ಯೋ ಸಾರ್‌ಗೆ ಗೊತ್ತಾಯ್ತು ಎಂದು ಚಪ್ಪಾಳೆ ತಟ್ಟಿದಳು, ಅವಳು ಕುರ್ಚಿಯನ್ನು ಲಿಫ್ಟಿನ ಕಡೆಗೆ ತಿರುಗಿಸಿದಳು, ಬೇಡ, ಈಗಲೇ ಆಸೆ ಬೇಡ, ಒಲೆ ಹಚ್ಚುವ ಮೊದಲೇ ಎಲೆ ಹಾಕಬಾರದು.

ಅಂಗಳದಲ್ಲಿ ಬಿಸಿಲಿದೆ, ಚಪ್ಪರದ ತಗಡು ಒಂದು ಕಡೆ ಎದ್ದಿದೆ, ಅವನ ಕಾಲದ ಚೂರುಗಳು ಇನ್ನೂ ಮಣ್ಣಿನಲ್ಲಿ, ಗಾಲಿಯ ಕೆಳಗೆ ಕರಕರ ಎನ್ನುತ್ತವೆ, ಅವಳು ತೊಗಲಿನ ಹಾಸನ್ನು ಅವನ ತೊಡೆಗೆ ಹಾಸುತ್ತಾಳೆ, ಗಟ್ಟಿಯಾಗಿಬಿಟ್ಟಿದೆ ಅದು, ಕೈಯಿಂದ ತಿಕ್ಕಿ ಮೆದು ಮಾಡುತ್ತಾಳೆ, ಒಳ್ಳೆಯ ಕಲ್ಲುಗಟ್ಟಿ ಆರಿಸಿ ಇಟ್ಟಿದ್ದಾಳೆ, ಸ್ವರ ಒಡೆಯದ್ದು. ಬಡಿಗಲ್ಲು ನೋಡಿದ್ದೇ ಅವನ ಎಡಗೈ ಮುಂದೆ ಬಂತು, ಯಾರೂ ಹೇಳಲಿಲ್ಲ, ತಾನೇ ಬಂತು, ಬೆರಳುಗಳು ಅದರ ಸುತ್ತ ಸರಿಯಾಗಿ ಕೂತವು. ಕಲ್ಲುಗಟ್ಟಿ ಹಿಡಿಯುವವರು ಯಾರು — ಮೈದುನ ನಾನ್ ಹಿಡ್ಕೊಳ್ಲಾ ಅಂದ, ಅವನು ತಲೆಯಲ್ಲಾಡಿಸಿದ, ಜೋರಾಗಿ, ಅದೇ ಅದೇ, ಕಣ್ಣು ತನ್ನ ಬಲಗೈ ಕಡೆಗೆ, ಅವಳಿಗೆ ಅರ್ಥವಾಯಿತು, ಇಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ಬೇಕಾದದ್ದು ಕೇಳದೆಯೇ ಅರ್ಥವಾಯಿತು, ಆ ಸಂತೋಷದಲ್ಲಿ ಅವಳೇ ಆ ಬಲಗೈಯನ್ನು ಎತ್ತಿದಳು, ತಣ್ಣಗೆ ಭಾರವಾಗಿತ್ತು, ನಿದ್ದೆ ಹೋದ ಮಗುವಿನ ತಲೆಯಷ್ಟು ಭಾರ, ಒಂದೊಂದೇ ಬೆರಳು ಬಿಡಿಸಿ ಕಲ್ಲಿನ ಸುತ್ತ ಇಟ್ಟಳು, ತೋರುಬೆರಳು ಜಾರಿತು, ಮತ್ತೆ ಇಟ್ಟಳು, ಒತ್ತಿ ಹಿಡಿದಳು, ನಿಂತಿತು. ಕೈಯಾರೆ ಇಟ್ಟಳು.

ಮೊದಲ ಪೆಟ್ಟು ಮೊಂಡಾಗಿ ಬಿತ್ತು, ಟಣ್ ಎನ್ನಲಿಲ್ಲ, ಧಬ್ ಎಂದಿತು, ಎರಡನೆಯದು ಅದೇ ಜಾಗಕ್ಕೆ, ಪುಡಿ ಉದುರಿತು, ಪರವಾಗಿಲ್ಲ, ಎಡಗೈ ತಾನೆ, ಮತ್ತೊಂದು, ಅಂಚು ಜಜ್ಜಿಹೋಯಿತು, ಕಲ್ಲು ತಿರುಗಿಸ್ಬೇಕು ಸಾರ್ ಎಂದು ವಿದ್ಯಾರ್ಥಿನಿ ಮೆಲ್ಲಗೆ, ತಿರುಗಿಸುವುದು ಅವನಿಗೆ ಗೊತ್ತಿಲ್ಲವೇ, ತಿರುಗಿಸಬೇಕಾದ ಕೈ ತಿರುಗಿಸುವುದಿಲ್ಲ ಅಷ್ಟೆ, ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ, ಅರ್ಧಕ್ಕೆ ಮುರಿದ ಚಕ್ಕೆಯೊಂದು ಮೆಟ್ಟಿಲಿನ ಹಾಗೆ ನಿಂತಿತು, ಅವಳು ಅದನ್ನು ನೋಡಿದಳು, ಈ ಅಂಚನ್ನು ಬಲ್ಲಳು, ಮೇಲಿನ ತಟ್ಟೆಯ ತುಂಬ ಇದೇ ಅಂಚು — ಮಕ್ಕಳೇ ಎಂದು ಹೇಗೆ ಬರೆದೆವು, ಕಲಿಯುವವರೋ ಮರೆಯುತ್ತಿದ್ದವರೋ ಕಲ್ಲು ಹೇಳುತ್ತದೆಯೇ, ಗುಹೆಯ ಬಾಯಲ್ಲಿ ಬೆಳಕಿಗೆ ಕೂತು ಒಬ್ಬ ವಯಸ್ಸಾದವನು ಹೊಡೆದೇ ಹೊಡೆದಿರಬಹುದು, ಸುತ್ತ ಮನೆಯವರು ಉಸಿರು ಬಿಗಿಹಿಡಿದು ನಿಂತಿರಬಹುದು, ಸಾಕು ಬಿಡು ಎನ್ನಲು ಯಾರಿಗೂ ಬಾಯಿ ಬಾರದೆ. ಇದನ್ನು ಅವನಿಗೆ ಹೇಳಬೇಕು ಅನ್ನಿಸಿತು, ತಟಕ್ಕನೆ, ಇಂಥದ್ದು ಹೊಳೆದ ಕೂಡಲೇ ಹೇಳುವುದು ಅವನಿಗೇ ತಾನೆ, ಎಷ್ಟು ವರ್ಷದ ಅಭ್ಯಾಸ, ನಾವು ತಪ್ಪು ಬರೆದ್ವಿ ಕಣೋ ಎಂದರೆ ಅವನು ಕುರ್ಚಿ ಎಳೆದುಕೊಂಡು ಹತ್ತಿರ ಬರಬೇಕು, ಹೇಗೆ, ತೋರಿಸಿ ಡಾಕ್ಟ್ರಮ್ಮ, ಸುಲಭವಾಗಿ ಒಪ್ಪೋನಲ್ಲ ನಾನು, ಎನ್ನಬೇಕು. ಅವನು ಹೊಡೆಯುತ್ತಿದ್ದ. ಹಣೆಯ ಮೇಲೆ ಬೆವರು, ಜೊಲ್ಲು ಗಲ್ಲಕ್ಕೆ ಇಳಿದಿತ್ತು, ಮೈದುನ ಅತ್ತ ತಿರುಗಿ ನಿಂತಿದ್ದ. ಸಾಕು ಅನ್ನೋಣ. ಇನ್ನೊಂದೇ ಒಂದು. ಅವಳು ಸಾಕು ಅನ್ನಲಿಲ್ಲ. ಅವನು ಕೈಯನ್ನು ಕಿವಿಯವರೆಗೆ ಎತ್ತಿದ, ಹಿಂದೆಂದೂ ಅಷ್ಟು ಎತ್ತುತ್ತಿರಲಿಲ್ಲ, ಹೊಡೆದ, ಬಡಿಗಲ್ಲು ಜಾರಿ ಬಲಗೈ ತೋರುಬೆರಳಿನ ಮೇಲೆ ಬಿತ್ತು, ಅವಳು ಇಟ್ಟ ಬೆರಳು, ಒಂದು ಒದ್ದೆ ಸದ್ದು, ವಿದ್ಯಾರ್ಥಿನಿ ಕಿರುಚಿದಳು, ಕೈ ಹಿಂದಕ್ಕೆ ಬರಲಿಲ್ಲ. ಅದಕ್ಕೆ ತಿಳಿಯಲೇ ಇಲ್ಲ. ಅವನಿಗೂ ತಿಳಿಯಲಿಲ್ಲ, ತಪ್ಪಿತೆಂದಷ್ಟೇ ತಿಳಿದು ಬಡಿಗಲ್ಲನ್ನು ಮತ್ತೆ ಎತ್ತಿದ, ಅವಳು ಹಿಡಿಯುವಷ್ಟರಲ್ಲಿ ಅದೇ ಬೆರಳಿನ ಮೇಲೆ ಇನ್ನೊಂದು ಪೆಟ್ಟು, ಕೈ ಹಿಂದಕ್ಕೆ ಬರಲಿಲ್ಲ, ಕಲ್ಲನ್ನು ಹಿಡಿದೇ ಇತ್ತು, ಒಳ್ಳೆಯ ಕೈ, ಹೇಳಿದ ಹಾಗೆ ಕೇಳುವ ಕೈ, ರಕ್ತ ತೊಗಲಿನ ಮೇಲೆ ಹರಡುತ್ತಿರುವಾಗ ಅವನು ತಲೆಯೆತ್ತಿ ಅವಳ ಮುಖ ನೋಡಿದ, ಚಕ್ಕೆ ಬಂತಾ ಎಂದು ಕೇಳುವ ಹುಬ್ಬು, ಹಳೆಯ ಹುಬ್ಬು, ಅದೇ?

ಈಗ ಆಸ್ಪತ್ರೆ, ಹಸಿರು ಪರದೆ, ಪಕ್ಕದ ಮಂಚದಲ್ಲಿ ಯಾರೋ ಕೆಮ್ಮುತ್ತಿದ್ದಾರೆ, ಎಲುಬು ಎರಡು ಕಡೆ ಮುರಿದಿದೆ, ಉಗುರು ಉಳಿಯಲ್ಲ, ಅನ್ನುತ್ತಾರೆ ಹೊಲಿಯುವ ಡಾಕ್ಟರು, ಸೂಜಿ ಚುಚ್ಚಿ, ನೋವಾಗ್ತಿದೆಯಾ ಸಾರ್, ಅವನು ಅವರಿಗೂ ನಗುತ್ತಾನೆ, ಅದೇ. ಮೈದುನ ಹೊರಗೆ ಫೋನಿನಲ್ಲಿ, ಏನಿಲ್ಲಮ್ಮ, ಸ್ವಲ್ಪ ತರಚಿದೆ, ಹೂಂ ಅತ್ತಿಗೆ ಇದಾರೆ, ಮಾತಾಡ್ತೀಯಾ, ಫೋನು ಅವಳ ಕಿವಿಗೆ ಬರುತ್ತದೆ, ಅತ್ತೆ ಏನೂ ಬೈಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನೀನೇನಾದ್ರೂ ತಿಂದ್ಯೇನೇ, ಎನ್ನುತ್ತಾರೆ, ಆಮೇಲೆ, ಅವನಿಗೆ ಖುಷಿಯಾಯ್ತಾ ಅಲ್ಲಿಗೆ ಹೋಗಿ, ಅವಳು ಹೂಂ ಅತ್ತೆ ಎನ್ನುತ್ತಾಳೆ, ಸುಳ್ಳೂ ಅಲ್ಲ, ಅದೇ ಕಷ್ಟ, ಸುಳ್ಳಲ್ಲ, ಕಲ್ಲು ಕೈಗೆ ಬಂದಾಗ ಅವನ ಮುಖ ಹೇಗೆ ಅರಳಿತ್ತು, ಮುಂದಿನ ವಾರ ಮತ್ತೆ ಕರೆದುಕೊಂಡು ಹೋಗೆಂದು ಹಟ ಹಿಡಿಯುತ್ತಾನೆ, ಯಾವ ಪದದಲ್ಲಿ ಹಿಡಿಯುತ್ತಾನೆ, ಇಲ್ಲ, ಇನ್ನು ಕರೆದೊಯ್ಯುವುದಿಲ್ಲ, ಇಷ್ಟೇ ಅಂದುಕೊಳ್ಳಿ ಅಂದಿದ್ದರಲ್ಲ, ಇಷ್ಟೇ, ನೀರು, ಹೊದಿಕೆ, ಕಿಟಕಿ, ನುರಿದ ಊಟ, ಬಾಚಿದ ತಲೆ — ದಾರ ಒಳಗೆ ಹೋಗಿ ಹೊರಗೆ ಬರುತ್ತದೆ, ಬೇರೆಯವರ ಕೈಯೆಂಬಂತೆ ಅವನು ಕುತೂಹಲದಿಂದ ನೋಡುತ್ತಾನೆ, ಅವಳು ನೋಡಲಾರಳು, ಗೋಡೆ ನೋಡುತ್ತಾಳೆ, ಗೋಡೆಯಲ್ಲೂ ಕಲ್ಲು ಮೇಲೇಳುತ್ತದೆ, ಬೀಳುತ್ತದೆ, ಕೈ ಹಿಂದಕ್ಕೆ ಬರುವುದಿಲ್ಲ, ಬಂದಿದ್ದರೆ, ಒಂದು ಎಳೆಯಷ್ಟಾದರೂ ಬೆಚ್ಚಿದ್ದರೆ, ಇಲ್ಲ, ಮೇಲೇಳುತ್ತದೆ, ಬೀಳುತ್ತದೆ, ಅವಳು ಬೆರಳು ಬೆರಳಾಗಿ ಇಟ್ಟ ಕೈ ಇಟ್ಟಲ್ಲೇ ಇದೆ, ಹಿಂದಕ್ಕೆ ಬರುವುದಿಲ್ಲ, ಮೇಲೇಳುತ್ತದೆ, ಕೈ ಇಟ್ಟಲ್ಲೇ, ಇಟ್ಟಲ್ಲೇ