ಅತ್ತೆಗೆ ಬೇಕಾದ ಇಂಗ್ಲಿಷ್ ಬೈಗುಳ

ಇಂಗ್ಲಿಷ್ ಪದಗಳು ಕಲ್ಯಾಣಿಯ ತಲೆಗೆ ಹತ್ತುತ್ತಲೇ ಇರಲಿಲ್ಲ. ಬ್ಯಾಂಕ್ ಪರೀಕ್ಷೆಗೆಂದು ಓದಬೇಕಾದ, ಮೇಲೂರಿನಲ್ಲಿ ಯಾರೂ ಆಡದ ಘನಂದಾರಿ ಪದಗಳು. ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಲೇ ಬಾಯಿಪಾಠ ಮಾಡುವಳು. ಸೊಪ್ಪು ಮುಗಿಯುವಷ್ಟರಲ್ಲಿ ಎಲ್ಲ ಮಂಗಮಾಯ.

"ಅದ್ರಲ್ಲಿ ಬೈಗುಳ ಇಲ್ವೇನಮ್ಮ?" ಎಂದು ಒಂದು ದಿನ ಅತ್ತೆ ಅಮ್ಮಾಜಮ್ಮ ಕೇಳಿದರು. ಗಂಡನನ್ನು ಬಯ್ಯದಿದ್ದರೆ ಅವರಿಗೆ ಉಂಡ ಅನ್ನ ಅರಗದು. ಆದರೆ ನೆಂಟರೆದುರು ಬೈದರೆ ಮರ್ಯಾದೆ ಪ್ರಶ್ನೆ, ಪಾಪ.

ಕಲ್ಯಾಣಿ ಹುಡುಕಿ 'ಇಂಡೊಲೆಂಟ್' ಕೊಟ್ಟಳು. ಮೈಗಳ್ಳ ಎಂದರ್ಥ. ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ ಮಾವ ಕೋನಪ್ಪನವರಿಗೆ ನೆಂಟರ ಮುಂದೆಯೇ ಅದು ಸಂದಿತು. ಏನೋ ಹೊಗಳಿಕೆ ಇರಬೇಕೆಂದು ಅವರು ಮೀಸೆ ತಿರುವಿದರು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದರು. ಅಂದಿನಿಂದ ದಿನಕ್ಕೊಂದು ಬೈಗುಳ ಸಪ್ಲೈ ಆಗಲೇಬೇಕು. ಅತ್ತೆಯ ಜಿಪುಣಿ ನಾದಿನಿಗೆ 'ಪಾರ್ಸಿಮೋನಿಯಸ್', ಬಾಯಿಬಡುಕ ಪಕ್ಕದ ಮನೆ ಎರ್ರಪ್ಪನಿಗೆ 'ಗ್ಯಾರ್ಯುಲಸ್'. ಪದಕ್ಕೊಂದು ಮುಖ ಅಂಟಿಕೊಂಡ ಮೇಲೆ ಕಲ್ಯಾಣಿ ಮರೆಯುವುದಾದರೂ ಹೇಗೆ?

ಎಲ್ಲ ಸರಿ, ಪರೀಕ್ಷೆ ಬಂದದ್ದು ಹುಳ ಹಣ್ಣಾಗುವ ದಿನವೇ. ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಗೆ ಬಿಡಬೇಕು. ಅವತ್ತು ಮನೆಯ ಒಂದು ಕೈ ತಪ್ಪಿದರೂ ಕಷ್ಟ. ಓದಿದ್ದೆಲ್ಲ ನೀರಲ್ಲಿ ಹೋಮವಾಯಿತೆಂದು ಕಲ್ಯಾಣಿಗೆ ಅಳು ಬಂತು. ಹೋಗಲೇ ಎಂದು ಕೇಳಲೂ ಬಾಯಿ ಬರಲಿಲ್ಲ. ಹಾಲ್ ಟಿಕೆಟ್ಟನ್ನು ಪೆಟ್ಟಿಗೆಗೆ ಹಾಕಿ, ಬೆಳಗ್ಗೆ ಸೀರೆ ಎತ್ತಿ ಕಟ್ಟಿಕೊಂಡು ಹುಳದ ಮನೆಗೆ ಹೊರಟಳು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ? ತಾರೀಖು ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ಬಸ್ಸು ಬರೋ ಹೊತ್ತಾಯ್ತು, ಒಳ್ಳೆ ಸೀರೆ ಉಟ್ಕೊಂಡು ಹೊರಡು. ನಾನು, ನಿಮ್ಮ ಮಾವ ಹುಳ ಬಿಡ್ತೀವಿ. ಎರ್ರಪ್ಪಂಗೂ ಹೇಳಿ ಕಳ್ಸಿದೀನಿ, ಮಾತಾಡ್ಕೊಂಡೇ ಆರಿಸ್ಲಿ."

ಕಲ್ಯಾಣಿ ಎತ್ತಿ ಕಟ್ಟಿದ್ದ ಸೀರೆಯನ್ನು ಇಳಿಬಿಟ್ಟಳು. "ಅತ್ತೆ, ನೀವು ಮ್ಯಾಗ್ನಾನಿಮಸ್."

ಅಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟರು. "ಉಪಕಾರ ಮಾಡಿದ್ರೆ ನನ್ನನ್ನೇ ಬೈತೀಯೇನೇ?"

"ಬೈಗುಳ ಅಲ್ಲ ಅತ್ತೆ. ದೊಡ್ಡ ಮನಸ್ಸಿನೋರು ಅಂತ."

ಅತ್ತೆಗೆ ಹೊಗಳಿಸಿಕೊಂಡು ಅಭ್ಯಾಸವಿಲ್ಲ ನೋಡಿ. ಮುಖ ಒರೆಸಿಕೊಂಡು, ಜಗುಲಿಯ ಕಡೆ ಕಣ್ಣು ಹಾಯಿಸಿ, "ಇನ್ನೊಂದ್ಸಲ ಹೇಳಮ್ಮ, ಜೋರಾಗಿ" ಎಂದರು. "ನಿಮ್ಮ ಮಾವಂಗೂ ಕೇಳ್ಲಿ. ಕನ್ನಡದಲ್ಲೇ ಹೇಳು."